ಎವೆಯಿಕ್ಕದ ಅತಿಥಿಗಳು

ವಿದರ್ಭದ ಸ್ವಯಂವರ ಮಂಟಪದಲ್ಲಿ ದಮಯಂತಿಯ ಎದುರಿಗೆ ಒಬ್ಬ ನಳನಲ್ಲ, ಐವರು ನಳರು ನಿಂತಿದ್ದರು. ಮುಖ, ಮೈಕಟ್ಟು, ನಿಲುವು, ತೊಡುಗೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಅವರಲ್ಲಿ ನಾಲ್ವರು ಇಂದ್ರ, ಅಗ್ನಿ, ವರುಣ, ಯಮರು. ಉಳಿದವನೊಬ್ಬನೇ ನಿಷಧದ ಅರಸ. ವನಪರ್ವದ ಈ ಉಪಾಖ್ಯಾನವು ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡಿಗರಿಗೆ ಮನೆಮಾತಾಗಿರುವುದರಿಂದ ಕಥೆಯನ್ನು ಮತ್ತೆ ಹೇಳಬೇಕಾದ ಅಗತ್ಯವಿಲ್ಲ. ಆದರೆ ಆ ಇಕ್ಕಟ್ಟಿನಲ್ಲಿ ದಮಯಂತಿ ಮಾಡಿದ್ದೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೇವತೆಗಳ ಗುರುತುಗಳನ್ನು ಆಕೆ ಹಿರಿಯರ ಬಾಯಿಂದ ಕೇಳಿ ತಿಳಿದಿದ್ದಳು. ಆದರೂ ಎದುರಿಗಿದ್ದ ಐವರಲ್ಲಿ ಒಬ್ಬನಲ್ಲಿಯೂ ಅವು ಕಾಣಿಸಲಿಲ್ಲ. ಆಗ ಆಕೆ ತನ್ನ ಸತ್ಯವನ್ನೇ ಸಾಕ್ಷಿಯಾಗಿಟ್ಟು, ನಿಮ್ಮ ನಿಜವನ್ನು ನೀವೇ ತೋರಿಸಿರೆಂದು ಆ ದೇವತೆಗಳಲ್ಲಿಯೇ ಮೊರೆಯಿಟ್ಟಳು. ಒಡನೆಯೇ ನಾಲ್ವರ ಗುರುತು ಬಯಲಾಯಿತು: ಮೈಯಲ್ಲಿ ಬೆವರಿಲ್ಲ, ಕಣ್ಣಿನಲ್ಲಿ ಎವೆಯಾಟವಿಲ್ಲ, ಕೊರಳ ಮಾಲೆ ಬಾಡಿಲ್ಲ, ಧೂಳು ಅಂಟಿಲ್ಲ, ಪಾದಗಳು ನೆಲವನ್ನು ಮುಟ್ಟಿಲ್ಲ. ಐದನೆಯವನಿಗೆ ನೆರಳಿದೆ, ಮಾಲೆ ಬಾಡಿದೆ, ಮೈಯಲ್ಲಿ ಬೆವರೂ ಧೂಳೂ ಇವೆ, ಕಾಲು ನೆಲದ ಮೇಲಿದೆ, ರೆಪ್ಪೆ ಬಡಿಯುತ್ತಿದೆ. ದಮಯಂತಿ ಅವನ ಕೊರಳಿಗೆ ಮಾಲೆ ಹಾಕಿದಳು.

ದೇವತೆಗಳಿಗೆ ‘ಅನಿಮಿಷರು’ ಎಂಬ ಹೆಸರು ಬಂದದ್ದೇ ಈ ಕಣ್ಣಿನಿಂದ. ನಿಮಿಷವೆಂದರೆ ರೆಪ್ಪೆ ಬಡಿಯುವಷ್ಟು ಹೊತ್ತು. ರೆಪ್ಪೆ ಬಡಿಯದವರಿಗೆ ಹೊತ್ತಿನ ಗೊಡವೆಯೂ ಇಲ್ಲ. ಹಾಗಾಗಿ ದಮಯಂತಿ ಆರಿಸಿಕೊಂಡದ್ದು ಬೆವರುವ, ಬಾಡುವ, ದಣಿಯುವ ದೇಹವನ್ನು. ಸಾಮಾನ್ಯವಾಗಿ ಯಾವುದನ್ನು ನಾವು ಕುಂದೆಂದು ಎಣಿಸುತ್ತೇವೆಯೋ ಅದೇ ಇಲ್ಲಿ ಮನುಷ್ಯನ ಮುದ್ರೆಯಾಯಿತು. ಮುಂದೆ ಇದೇ ದಮಯಂತಿ ಇನ್ನೊಂದು ಪರೀಕ್ಷೆ ಮಾಡಬೇಕಾಗಿ ಬಂತು. ಕಾರ್ಕೋಟಕನ ಕಡಿತದಿಂದ ರೂಪಗೆಟ್ಟ ನಳನು ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿ ಬಂದಾಗ, ಮುಖದಿಂದ ಗುರುತಿಸುವ ದಾರಿಯೇ ಇರಲಿಲ್ಲ. ಆಕೆ ಕೇಶಿನಿಯೆಂಬ ದಾಸಿಯನ್ನು ಕಳುಹಿಸಿ ಅವನ ನಡೆನುಡಿಗಳನ್ನು ನೋಡಿಸಿದಳು. ಕೊನೆಗೆ ಅವನು ಬೇಯಿಸಿದ ಮಾಂಸದ ಒಂದು ತುಣುಕನ್ನು ತರಿಸಿಕೊಂಡು ಬಾಯಿಗಿಟ್ಟಳು. ಕೈರುಚಿ ಗಂಡನದೆಂದು ತಿಳಿಯಿತು. ಅಡುಗೆಮನೆಯ ಸಾಕ್ಷ್ಯವನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದ ನ್ಯಾಯಾಲಯವು ಪುರಾಣಗಳಲ್ಲಿ ಬೇರೊಂದಿದೆಯೋ ಇಲ್ಲವೋ!

ಅಮಾನುಷ ಜೀವಿಯೊಂದು ಮನುಷ್ಯರೂಪದಲ್ಲಿ ಮನುಷ್ಯರ ನಡುವೆ ಬಂದು ನಿಲ್ಲುವುದು, ಯಾವುದೋ ಒಂದು ಸಣ್ಣ ಗುರುತಿನಿಂದ ಸಿಕ್ಕಿಬೀಳುವುದು, ಇದು ಲೋಕದ ಬಹುತೇಕ ಎಲ್ಲ ಕಥಾಪರಂಪರೆಗಳಿಗೂ ಪ್ರಿಯವಾದ ವಸ್ತು. ನಮ್ಮ ಅಜ್ಜಿಯರ ಕಥೆಗಳ ಮೋಹಿನಿಗೆ ಪಾದಗಳು ಹಿಂದುಮುಂದು. ನಾರ್ವೆಯ ಕಾಡಿನ ಚೆಲುವೆಗೆ ಲಂಗದ ಕೆಳಗೆ ಹಸುವಿನ ಬಾಲ. ಸ್ಕಾಟ್‌ಲೆಂಡಿನ ಜಲಪಿಶಾಚಿ ತರುಣನ ವೇಷದಲ್ಲಿ ಬಂದು ಹುಡುಗಿಯ ಮಡಿಲಲ್ಲಿ ತಲೆಯಿಟ್ಟು ಮಲಗಿದಾಗ ಕೂದಲಿನ ಎಡೆಯಲ್ಲಿ ಮರಳೂ ನೀರಿನ ಪಾಚಿಯೂ ಕಾಣುತ್ತವೆ. ಗುರುತುಗಳೆಲ್ಲ ಅಂಚಿನಲ್ಲಿಯೇ ಇರುವುದನ್ನು ವಾಚಕರು ಗಮನಿಸಬೇಕು. ವೇಷವು ಮುಖದಿಂದ ಆರಂಭವಾಗಿ ಕಾಲಿನ ಹತ್ತಿರ ಬರುವಾಗ ಬಣ್ಣ ಮುಗಿದುಹೋಗುತ್ತದೆಯೆಂದು ತೋರುತ್ತದೆ. ಕಥೆಗಾರನ ಅನುಕೂಲವೂ ಅದರಲ್ಲಿದೆ. ಗುರುತು ಮುಖದಲ್ಲಿಯೇ ಇದ್ದರೆ ಕಥೆ ಮೊದಲ ಪುಟದಲ್ಲಿಯೇ ಮುಗಿಯುವುದು. ಎಲ್ಲಿಯೂ ಇಲ್ಲದಿದ್ದರೆ ಕಥೆ ಆರಂಭವೇ ಆಗದು.

ವಾಲ್ಮೀಕಿಗಳು ಈ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ದಾರಿಯನ್ನು ಹಿಡಿದಿದ್ದಾರೆ. ಮಾರೀಚನು ಹೊನ್ನಿನ ಜಿಂಕೆಯಾಗಿ ಆಶ್ರಮದ ಬಳಿ ಸುಳಿದಾಡುವಾಗ ಕಾಡಿನ ಬೇರೆ ಜಿಂಕೆಗಳು ಕುತೂಹಲದಿಂದ ಹತ್ತಿರ ಬಂದು, ಮೂಸಿ ನೋಡಿ, ದಿಕ್ಕುಗೆಟ್ಟು ಓಡುತ್ತವೆ. ಕಣ್ಣಿಗೆ ಮೋಸವಾಯಿತು, ಮೂಗಿಗೆ ಆಗಲಿಲ್ಲ. ಜಿಂಕೆಗಳನ್ನು ಕೊಂದು ತಿನ್ನುವುದರಲ್ಲಿ ಆಸಕ್ತನಾದ ಆ ರಾಕ್ಷಸನು ಅವು ಮೈಗೆ ತಾಗುವಷ್ಟು ಹತ್ತಿರ ಬಂದರೂ ವೇಷ ಕೆಡಬಾರದೆಂದು ಬಾಯಿ ಹಾಕದೆ ಸಹಿಸಿಕೊಳ್ಳುತ್ತಾನೆ. ಲಕ್ಷ್ಮಣನೂ ಸಂಶಯಪಟ್ಟು ಇಂಥ ಮೃಗ ಭೂಮಿಯ ಮೇಲೆ ಇಲ್ಲವೆಂದು ಹೇಳಿದನು. ಆದರೆ ಆ ಮಾತು ಯಾರಿಗೂ ಬೇಕಾಗಿರಲಿಲ್ಲ.

ಅನಂತರ ರಾವಣನು ಬರುತ್ತಾನೆ: ಕಾವಿಯ ಬಟ್ಟೆ, ಜುಟ್ಟು, ಕೊಡೆ, ಪಾದರಕ್ಷೆ, ದಂಡ, ಕಮಂಡಲು. ವೇಷದಲ್ಲಿ ಒಂದು ಎಳೆಯೂ ತಪ್ಪಿಲ್ಲ. ಆದರೆ ಜನಸ್ಥಾನದ ಮರಗಳು ಅಲುಗುವುದನ್ನು ನಿಲ್ಲಿಸಿದವು, ಗಾಳಿ ಸುಮ್ಮನಾಯಿತು, ಗೋದಾವರಿಯ ಓಟ ಕುಗ್ಗಿತು. ಕಾಡೆಲ್ಲ ಅವನನ್ನು ಗುರುತಿಸಿತು. ಗುರುತಿಸದೆ ಉಳಿದವಳು ಸೀತೆಯೊಬ್ಬಳೇ. ಅವಳಿಗೂ ಗುರುತು ಸಿಗಲಿಲ್ಲವೆಂದಲ್ಲ. ಬಂದವನು ಬಾಗಿಲಲ್ಲಿಯೇ ನಿಂತು ಅವಳ ಅಂಗಾಂಗಗಳ ಚೆಲುವನ್ನು ವರ್ಣಿಸತೊಡಗಿದನು. ಸಂನ್ಯಾಸಿಯ ಬಾಯಲ್ಲಿ ಬರಬಹುದಾದ ಮಾತೇ ಅದು? ಆದರೂ ಸೀತೆ ಆಸನ ಕೊಟ್ಟಳು, ಕಾಲಿಗೆ ನೀರು ಕೊಟ್ಟಳು, ಕೇಳಿದ್ದಕ್ಕೆ ಉತ್ತರಿಸಿದಳು. ಬ್ರಾಹ್ಮಣ, ಅದರಲ್ಲಿಯೂ ಅತಿಥಿ. ಮಾತಾಡದಿದ್ದರೆ ಶಪಿಸಿಯಾನು ಎಂಬ ಅಂಜಿಕೆ ಅವಳದು. ಇಲ್ಲಿ ವೇಷಕ್ಕಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಅವಳು ಕಲಿತು ಬಂದ ಮರ್ಯಾದೆ. ಮನೆಗೆ ಬಂದ ಹಿರಿಯನ ಮಾತು ಹದ ತಪ್ಪಿದಾಗಲೂ ಎದ್ದುಹೋಗಲಾರದೆ ನೀರು ತಂದಿಟ್ಟು ನಿಂತ ಹೆಣ್ಣುಮಕ್ಕಳು ಯಾವ ಊರಿನಲ್ಲಿಲ್ಲ?

ಇದೇ ಮಹಾಕಾವ್ಯದಲ್ಲಿ ಭಾಷೆಯ ಮೂಲಕ ಸಿಕ್ಕಿಬೀಳುವ ಭಯವೂ ಇದೆ. ಇಲ್ವಲನು ಬ್ರಾಹ್ಮಣನ ರೂಪ ತಾಳಿ, ಸಂಸ್ಕೃತವನ್ನಾಡುತ್ತ, ಶ್ರಾದ್ಧಕ್ಕೆಂದು ವಿಪ್ರರನ್ನು ಕರೆದು, ಟಗರಾಗಿದ್ದ ತಮ್ಮ ವಾತಾಪಿಯನ್ನು ಬಡಿಸುತ್ತಿದ್ದನು. (ನಮ್ಮ ಬಾದಾಮಿಗೆ ಹಿಂದೆ ವಾತಾಪಿ ಎಂಬ ಹೆಸರೇ ಇತ್ತು.) ಆ ನಂಬಿದವರ ಗತಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಪ್ರಾಯಶಃ ಇಂಥ ಅನುಭವಗಳು ಲೋಕದಲ್ಲಿ ಹರಡಿದ್ದುದರಿಂದಲೇ ಇರಬೇಕು, ಅಶೋಕವನದಲ್ಲಿ ಶಿಂಶುಪಾ ವೃಕ್ಷದ ಮೇಲೆ ಕುಳಿತ ಹನುಮಂತನು ಸೀತೆಯೊಡನೆ ಯಾವ ಭಾಷೆಯಲ್ಲಿ ಮಾತಾಡಲೆಂದು ಚಿಂತಿಸುತ್ತಾನೆ. ದ್ವಿಜನಂತೆ ಶುದ್ಧ ಸಂಸ್ಕೃತದಲ್ಲಿ ಮಾತಾಡಿದರೆ ಈಕೆ ತನ್ನನ್ನು ರಾವಣನೆಂದೇ ತಿಳಿದು ಬೆದರಿಯಾಳು! ಆದುದರಿಂದ ಸಾಮಾನ್ಯ ಮನುಷ್ಯರು ಆಡುವ ಮಾತನ್ನೇ ಆಡುವೆನೆಂದು ಅವನು ನಿಶ್ಚಯಿಸುತ್ತಾನೆ. ವ್ಯಾಕರಣವನ್ನು ಅರೆದು ಕುಡಿದವನೆಂದು ಕಿಷ್ಕಿಂಧೆಯಲ್ಲಿ ರಾಮನಿಂದಲೇ ಹೊಗಳಿಸಿಕೊಂಡವನು ಇಲ್ಲಿ ತನ್ನ ಪಾಂಡಿತ್ಯವನ್ನು ಬೇಕೆಂದೇ ಮರೆಸಿದನು.

ಕಾಸರಗೋಡಿನ ಕಡೆಯ ನಮ್ಮವರಿಗೆ ಈ ಸಂದರ್ಭವು ಚೆನ್ನಾಗಿ ಅರ್ಥವಾಗಬೇಕು. ತುಳು, ಮಲೆಯಾಳ, ಕೊಂಕಣಿ, ಮರಾಟಿಗಳ ನಡುವೆ ಬಾಳುತ್ತ, ಶಾಲೆಯ ಪುಸ್ತಕದಿಂದಲೂ ಯಕ್ಷಗಾನದ ರಂಗದಿಂದಲೂ ಕಲಿತ ಕನ್ನಡವನ್ನು ಬೆಂಗಳೂರಿನ ಅಂಗಡಿಯಲ್ಲಿ ಆಡಿದರೆ, ಎದುರಿನವನು ತಲೆಯೆತ್ತಿ ನೋಡುತ್ತಾನೆ. ತಪ್ಪಿಲ್ಲದಿರುವುದೇ ತಪ್ಪು, ಹೊರಗಿನವರೆಂಬ ಗುರುತು ಅಷ್ಟರಿಂದಲೇ ಬಿದ್ದುಹೋಗುತ್ತದೆ. ಅಕ್ಕಲಕೋಟೆಯವರು ಧಾರವಾಡದಲ್ಲಿ, ತಾಳವಾಡಿಯವರು ಮೈಸೂರಿನಲ್ಲಿ ಇದಕ್ಕೆ ವಿರುದ್ಧವಾದ ಕಾರಣಕ್ಕಾಗಿ ಇದೇ ನೋಟವನ್ನು ಎದುರಿಸಿರಬಹುದು.

ಈ ಸಂಕಟವನ್ನು ರಾಕ್ಷಸನ ಬಾಯಿಂದಲೇ ಹೇಳಿಸಿದವನು ಬ್ರಾಮ್ ಸ್ಟೋಕರ್. 1897ರಲ್ಲಿ ಪ್ರಕಟವಾದ ಅವನ ‘ಡ್ರಾಕುಲಾ’ ಕಾದಂಬರಿಯಲ್ಲಿ ನೆತ್ತರು ಹೀರುವ ಆ ಕೌಂಟನು ಲಂಡನ್ನಿಗೆ ಹೋಗಿ ನೆಲಸಲು ಸಿದ್ಧತೆ ನಡೆಸಿದ್ದಾನೆ. ಮನೆಯಲ್ಲಿ ಇಂಗ್ಲಿಷ್ ಪುಸ್ತಕಗಳು ತುಂಬಿವೆ, ವ್ಯಾಕರಣ ಬರುತ್ತದೆ, ಶಬ್ದಸಂಪತ್ತಿದೆ. ಆದರೂ ತಾನು ಬಾಯಿ ತೆರೆದರೆ ಪರದೇಶಿಯೆಂದು ಯಾರಿಗಾದರೂ ತಿಳಿದೀತೆಂಬ ಕೊರಗು. ಬೀದಿಯಲ್ಲಿ ತನ್ನ ಮಾತನ್ನು ಕೇಳಿ ಯಾರೂ ನಿಂತು ನೋಡಬಾರದು, ಅಷ್ಟೇ ಸಾಕು ಎನ್ನುತ್ತಾನೆ. ಆಸ್ತಿಯ ಕಾಗದಪತ್ರಕ್ಕಾಗಿ ಬಂದ ವಕೀಲ ಹಾರ್ಕರನನ್ನು ಹಿಡಿದಿಟ್ಟುಕೊಂಡದ್ದರ ಒಂದು ಕಾರಣ ಅವನಿಂದ ಉಚ್ಚಾರ ಕಲಿಯಬೇಕೆಂಬುದು! ಇಷ್ಟೆಲ್ಲ ಎಚ್ಚರ ವಹಿಸಿದವನು ಒಂದು ಬೆಳಿಗ್ಗೆ ಹಾರ್ಕರನ ಹೆಗಲ ಹಿಂದೆ ಬಂದು ನಿಂತನು. ಹಾರ್ಕರನು ಕನ್ನಡಿಯಲ್ಲಿ ನೋಡಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದನು. ಕನ್ನಡಿಯಲ್ಲಿ ಕೋಣೆಯೆಲ್ಲ ಕಾಣುತ್ತಿತ್ತು, ಹಿಂದೆ ನಿಂತವನು ಮಾತ್ರ ಇರಲಿಲ್ಲ. ಕೌಂಟನ ಅಂಗೈಯ ನಡುವೆ ಕೂದಲು ಬೆಳೆದಿರುವುದನ್ನು ಹಾರ್ಕರನು ಅದಕ್ಕೂ ಮೊದಲೇ ಕಂಡಿದ್ದನು. ಆದರೆ ಬೆಸ್ತು ಬೀಳುವುದಕ್ಕೆ ಕನ್ನಡಿಯೇ ಬೇಕಾಯಿತು.

ಮಾತಿನಿಂದ ಮನುಷ್ಯರನ್ನು ಸೋಸಿದ ಹಳೆಯ ವೃತ್ತಾಂತವೊಂದು ಬೈಬಲಿನ ‘ನ್ಯಾಯಸ್ಥಾಪಕರು’ ಎಂಬ ಭಾಗದಲ್ಲಿದೆ. ಯೊರ್ದಾನ್ ಹೊಳೆಯ ಕಡವಿನಲ್ಲಿ ಕಾವಲು ನಿಂತವರು, ದಾಟಲು ಬಂದ ಪ್ರತಿಯೊಬ್ಬನಿಂದಲೂ ‘ಷಿಬ್ಬೋಲೆತ್’ ಎಂಬ ಒಂದು ಶಬ್ದವನ್ನು ಹೇಳಿಸುತ್ತಿದ್ದರು. ‘ಷ’ಕಾರ ಹೊರಡದೆ ‘ಸಿಬ್ಬೋಲೆತ್’ ಎಂದವನನ್ನು ಅಲ್ಲಿಯೇ ಕೊಲ್ಲುತ್ತಿದ್ದರು. ಹೀಗೆ ಸತ್ತವರ ಸಂಖ್ಯೆ 42,000 ಎಂದು ಆ ಗ್ರಂಥ ಹೇಳುತ್ತದೆ. ಅಲ್ಲಿ ಸಿಕ್ಕಿಬಿದ್ದವರು ರಾಕ್ಷಸರಲ್ಲ.

ಇರಲಿ, ನಮ್ಮ ನೆರೆಯ ಯಕ್ಷಿಯ ಕಡೆಗೆ ಬರೋಣ. ಮಲೆಯಾಳದ ಐತಿಹ್ಯಗಳನ್ನು ಕೊಟ್ಟಾರತ್ತಿಲ್ ಶಂಕುಣ್ಣಿಯವರು ‘ಐತಿಹ್ಯಮಾಲೆ’ಯ ಎಂಟು ಭಾಗಗಳಲ್ಲಿ 1909ರಿಂದ 1934ರವರೆಗೆ ಸಂಗ್ರಹಿಸಿಟ್ಟರು. ಯಕ್ಷಿಯು ಪಾಲೆಮರದಲ್ಲಿಯೋ ತಾಳೆಮರದಲ್ಲಿಯೋ ವಾಸಿಸುವಳು. ಬಿಳಿಯ ಸೀರೆ, ಬಿಚ್ಚಿದ ಮುಡಿ, ಪಾಲೆಯ ಹೂವಿನ ಪರಿಮಳ. (ಆಟಿ ಅಮಾವಾಸ್ಯೆಯ ಬೆಳಗಿಗೆ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ನಾವು ಕುಡಿಯುವುದು ಇದೇ ಮರದ್ದು. ಯಕ್ಷಿಯ ಮನೆಯನ್ನೇ ಅರೆದು ಕುಡಿಯುವ ನಮ್ಮನ್ನು ಆಕೆ ಏನೆಂದುಕೊಳ್ಳುವಳೋ!) ರಾತ್ರಿ ದಾರಿಹೋಕನನ್ನು ತಡೆದು ಅವಳು ಕೇಳುವುದು ಪ್ರಾಣವನ್ನಲ್ಲ, ಹೊನ್ನನ್ನಲ್ಲ, ಒಂದು ಚಿಟಿಕೆ ಸುಣ್ಣ. ಕೈಯಿಂದ ಕೊಡಬಾರದು, ಚೂರಿಯ ತುದಿಯಲ್ಲಿ ಕೊಡಬೇಕೆಂದು ಬಲ್ಲವರು ಎಚ್ಚರಿಸುವರು. ಕಬ್ಬಿಣವೆಂದರೆ ಅವಳಿಗೆ ಆಗದು. ಕಡಮಟ್ಟತ್ತು ಕತ್ತನಾರನು ಯಕ್ಷಿಯೊಬ್ಬಳ ನೆತ್ತಿಗೆ ಕಬ್ಬಿಣದ ಮೊಳೆ ಹೊಡೆದು ಅವಳನ್ನು ಮನೆಗೆಲಸದವಳನ್ನಾಗಿ ಮಾಡಿದನೆಂದೂ, ಮುದುಕಿಯೊಬ್ಬಳು ಅವಳ ತಲೆಯಲ್ಲಿ ಕೈಯಾಡಿಸುವಾಗ ಮೊಳೆಯನ್ನು ಕಂಡು ಕನಿಕರದಿಂದ ಕಿತ್ತಳೆಂದೂ ಒಂದು ಕಥೆಯಿದೆ.

ಸುಣ್ಣವೇ ಏಕೆ? ಎಲೆಯಡಿಕೆಯ ನಾಡಿನಲ್ಲಿ ದಾರಿಯ ಪರಿಚಯವೆಲ್ಲ ಆರಂಭವಾಗುವುದು ಸುಣ್ಣದ ಡಬ್ಬಿಯಿಂದ. ಎಲೆಯಿದ್ದವನಿಗೆ ಅಡಿಕೆಯಿಲ್ಲ, ಎರಡೂ ಇದ್ದವನು ಸುಣ್ಣ ಮರೆತಿದ್ದಾನೆ. ಕೇಳುವುದಕ್ಕೆ ಸಂಕೋಚವಿಲ್ಲ, ಕೊಡುವುದಕ್ಕೆ ಖರ್ಚಿಲ್ಲ. ಯಕ್ಷಿಯು ಮನುಷ್ಯರ ರೀತಿಯನ್ನು ಚೆನ್ನಾಗಿಯೇ ಅಭ್ಯಾಸ ಮಾಡಿದ್ದಾಳೆ. ಅವಳು ತಪ್ಪಿದ್ದು ಹೊತ್ತಿನಲ್ಲಿ. ನಡುರಾತ್ರಿ, ಒಂಟಿ ದಾರಿ, ಒಂಟಿ ಹೆಣ್ಣು, ಅಪರಿಚಿತ ಗಂಡಸಿನೊಡನೆ ಸುಣ್ಣ! ಶಂಕುಣ್ಣಿಯವರ ಕಾಲಡಿ ಭಟ್ಟತಿರಿಯ ಕಥೆಯಲ್ಲಿಯೂ ಹೀಗೆಯೇ. ತೃಶೂರಿನ ಪೂರಕ್ಕೆ ಹೊರಟು ಕತ್ತಲೆಗೆ ಸಿಕ್ಕಿದ ಇಬ್ಬರನ್ನು ಇಬ್ಬರು ಸುಂದರಿಯರು ಉಪ್ಪರಿಗೆಯ ಮನೆಗೆ ಕರೆದೊಯ್ಯುವರು. ಒಬ್ಬನ ಉಗುರು ಕೂದಲುಗಳು ಮಾತ್ರ ಉಳಿಯುತ್ತವೆ. ಕೈಯಲ್ಲಿ ದೇವೀಮಾಹಾತ್ಮ್ಯದ ಗ್ರಂಥವಿದ್ದ ಇನ್ನೊಬ್ಬನು ಬದುಕಿ, ಬೆಳಕು ಹರಿದಾಗ ನೋಡುತ್ತಾನೆ: ಉಪ್ಪರಿಗೆಯಲ್ಲ, ತಾಳೆಮರದ ತುದಿ. ನಿರ್ಜನವಾದ ಆ ಜಾಗದಲ್ಲಿ ಅಂಥ ಮನೆ ಎಲ್ಲಿಂದ ಬಂತೆಂದು ರಾತ್ರಿಯೇ ಕೇಳಬಹುದಿತ್ತು, ದಣಿದವನು ಕೇಳುವುದಿಲ್ಲ.

ಧ್ವನಿಯನ್ನೇ ವೇಷವಾಗಿ ತೊಡುವ ಜಾತಿಯೂ ಒಂದಿದೆ. 1990ರ ದಶಕದಲ್ಲಿ ಬೆಂಗಳೂರು ಮೊದಲಾದೆಡೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದುದನ್ನು ಕಂಡವರಿದ್ದಾರೆ. ರಾತ್ರಿ ಮನೆಯವರ ದನಿಯಲ್ಲಿಯೇ ಕೂಗಿ ಕರೆಯುವ ದೆವ್ವವು ಅದನ್ನು ಓದಿ ಮರಳಿ ಹೋಗುವುದೆಂಬ ನಂಬಿಕೆ. ಮರುದಿನವೂ ಅದೇ ಬರಹ, ಅದೇ ವಾಯಿದೆ. ಈ ಐತಿಹ್ಯವೇ 2018ರ ಹಿಂದಿ ಚಲನಚಿತ್ರ ‘ಸ್ತ್ರೀ’ಗೆ ಬೀಜವಾಯಿತು. ಬಂಗಾಳದ ‘ನಿಶಿ’ಗೆ ಎರಡು ಸಲಕ್ಕಿಂತ ಹೆಚ್ಚು ಕೂಗುವ ಶಕ್ತಿಯಿಲ್ಲ, ಆದುದರಿಂದ ಮೂರನೆಯ ಕೂಗಿನವರೆಗೆ ಓಗೊಡಬಾರದೆಂದು ಅಲ್ಲಿಯ ತಾಯಂದಿರು ಮಕ್ಕಳಿಗೆ ಹೇಳುವರು. ನಿಜವಾದ ತಾಯಿಯಾದರೆ ಮೂರಲ್ಲ, ಮೂವತ್ತು ಸಲ ಕರೆಯುವಳಷ್ಟೆ.

ಓದುವ ಕಥೆಯಲ್ಲಿ ಗುರುತನ್ನು ಮುಚ್ಚಿಡಬಹುದು. ರಂಗದ ಮೇಲೆ ಹೇಗೆ? ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಂದಿಗೆ ನಿಂತಿರುವ ‘ಪಂಚವಟಿ’ ಪ್ರಸಂಗವನ್ನು ನೆನೆಯಿರಿ. ಮೊದಲು ಬರುವವಳು ಮಾಯಾಶೂರ್ಪನಖಿ, ಅದು ಸ್ತ್ರೀವೇಷ. ಅನಂತರ ಕಾಣಿಸುವುದು ಘೋರರೂಪ. ಅದು ಬೇರೊಬ್ಬ ಕಲಾವಿದನ ಹೆಣ್ಣುಬಣ್ಣ. ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಮುಖದ ಮೇಲೆ ಗಂಟೆಗಟ್ಟಲೆ ಇಟ್ಟು, ದೊಂದಿಗೆ ರಾಳದ ಪುಡಿ ಎರಚಿ, ಆರ್ಭಟದೊಂದಿಗೆ ಬರುವ ವೇಷ. ‘ಮಾಯಾ’ ಎಂಬ ಎರಡಕ್ಷರವನ್ನು ಭಾಗವತರು ಮೊದಲೇ ಹಾಡಿರುವುದರಿಂದ ಪ್ರೇಕ್ಷಕರಿಗೆ ಗುಟ್ಟು ಗೊತ್ತು. ಆದುದರಿಂದ ಇಲ್ಲಿಯ ಸ್ವಾರಸ್ಯವು ಯಾರೆಂದು ತಿಳಿಯುವುದರಲ್ಲಿಲ್ಲ, ಎಷ್ಟು ಹೊತ್ತು ತಾಳುವಳೆಂಬುದರಲ್ಲಿದೆ. ಹಿಂದಿನ ಮೇಳಗಳಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದವರೆಲ್ಲ ಗಂಡಸರೇ. ಅಂದಮೇಲೆ ಗಂಡಸೊಬ್ಬನು ರಾಕ್ಷಸಿಯಾಗಿ, ಆ ರಾಕ್ಷಸಿ ಚೆಲುವೆಯಾಗಿ, ಒಂದರ ಮೇಲೊಂದರಂತೆ ವೇಷಗಳು. ನುರಿತ ಕಲಾವಿದನು ಇಡೀ ಹೊತ್ತು ಲಾವಣ್ಯವನ್ನೇ ತೋರಿಸಿ, ರಾಮನು ತಮ್ಮನ ಕಡೆಗೆ ಕೈತೋರಿಸಿದಾಗ ಒಂದೇ ಒಂದು ಹೆಜ್ಜೆಯನ್ನು ಅಗಲವಾಗಿ ಇಡುತ್ತಾನೆ. ಮುಂದೆ ಕುಳಿತ ಮಕ್ಕಳು ತಾಯಿಯ ಸೆರಗನ್ನು ಹಿಡಿಯಲು ಅಷ್ಟು ಸಾಕು. ಅತಿಯಾಗಿ ಕಣ್ಣುಮಿಟುಕಿಸಿ, ಹಲ್ಲು ಕಡಿದು ತೋರಿಸುವವರೂ ಇದ್ದಾರೆ. ಅವರ ಶೂರ್ಪನಖಿಯನ್ನು ರಾಮಲಕ್ಷ್ಮಣರು ಅಷ್ಟು ಹೊತ್ತು ಮಾತಾಡಿಸಿದ್ದೇ ಆಶ್ಚರ್ಯ.

ವಾಲ್ಮೀಕಿಯ ಶೂರ್ಪನಖಿಗೆ ಈ ಚೆಲುವಿನ ವೇಷವೇ ಇಲ್ಲವೆಂಬುದನ್ನು ಹಲವರು ಮರೆತಿರುತ್ತಾರೆ. ಚೆಲುವೆಯಾಗಿ ಬರುವುದು ತಮಿಳಿನ ಕಂಬನ ಕಾವ್ಯದಲ್ಲಿ, ತುಲಸೀದಾಸರಲ್ಲಿ, ನಮ್ಮ ಬಯಲಾಟದಲ್ಲಿ. ಮೂಲದಲ್ಲಿ ಅವಳು ಇದ್ದ ರೂಪದಲ್ಲಿಯೇ ಬರುತ್ತಾಳೆ. ನೀನು ಯಾರೆಂದು ರಾಮನು ಕೇಳಿದಾಗ, ತಾನು ಶೂರ್ಪನಖಿ, ಬೇಕಾದ ರೂಪ ತಾಳಬಲ್ಲ ರಾಕ್ಷಸಿ ಎಂದು ನಿಜವನ್ನೇ ಹೇಳುತ್ತಾಳೆ. ಮಹಾಭಾರತದ ಹಿಡಿಂಬೆ ಮಾತ್ರ ಸುಂದರಿಯ ರೂಪದಲ್ಲಿ ಬಂದವಳು. ಆದರೆ ಅವಳೂ ಸಿಕ್ಕಿಬೀಳಲಿಲ್ಲ. ಭೀಮನೊಡನೆ ಮೊದಲ ಮಾತಿನಲ್ಲಿಯೇ ತನ್ನ ಜಾತಿಯನ್ನೂ ಅಣ್ಣನ ಉದ್ದೇಶವನ್ನೂ ಹೇಳಿಬಿಟ್ಟಳು. ನಿಜ ಹೇಳಿದ ಇಬ್ಬರಲ್ಲಿ ಒಬ್ಬಳಿಗೆ ಮೂಗು ಕಿವಿಗಳು ಹೋದವು, ಇನ್ನೊಬ್ಬಳಿಗೆ ಕುಂತಿಯ ಒಪ್ಪಿಗೆಯೂ ಘಟೋತ್ಕಚನಂಥ ಮಗನೂ ದೊರೆತರು. ಶೂರ್ಪನಖಿ ಸೀತೆಯನ್ನು ತಿನ್ನಹೋದದ್ದು ಸುಳ್ಳಲ್ಲ. ಆದರೂ ಅವಳು ಸುಳ್ಳುವೇಷ ಹಾಕಿದಳೆಂಬ ಆರೋಪವನ್ನು ಮುಂದಿನವರು ಸೇರಿಸಿದ್ದು ಮೂಗು ಕೊಯ್ದದ್ದಕ್ಕೆ ಸಮರ್ಥನೆಯಾಗಲೆಂದೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಚೀನದವರ ಶ್ವೇತಸರ್ಪಿಣಿಯ ಕಥೆಯಲ್ಲಿ ಸಿಕ್ಕಿಬೀಳುವುದು ಪ್ರೀತಿಯ ದೆಸೆಯಿಂದ. ಹಾಂಗ್‌ಚೌ ನಗರದ ಪಶ್ಚಿಮ ಸರೋವರದ ಬಳಿ ಶು ಶಿಯಾನ್ ಎಂಬವನನ್ನು ಕಂಡು ಮೆಚ್ಚಿ ಮದುವೆಯಾದ ಬಾಯ್ ಸುಜೆನ್ ಒಬ್ಬ ಒಳ್ಳೆಯ ಗೃಹಿಣಿ. ಹಬ್ಬದ ದಿನ ವಿಷಜಂತುಗಳ ಬಾಧೆ ತಟ್ಟದಿರಲೆಂದು ಮನಶ್ಶಿಲೆ ಬೆರೆಸಿದ ಮದ್ಯವನ್ನು ಕುಡಿಯುವುದು ಆ ನಾಡಿನ ಸಂಪ್ರದಾಯ. ಗಂಡನು ಒತ್ತಾಯಿಸಿ ಕೊಟ್ಟ ಬಟ್ಟಲನ್ನು ಬೇಡವೆನ್ನಲಾರದೆ ಕುಡಿದಳು. ಹಾಸಿಗೆಯ ಮೇಲೆ ಹಾವಾದಳು. ನೋಡಿದ ಗಂಡನು ಹೆದರಿ ಸತ್ತನು. ಎಚ್ಚರಾದ ಮೇಲೆ ಅವನನ್ನು ಬದುಕಿಸುವ ಮೂಲಿಕೆಗಾಗಿ ಪ್ರಾಣದ ಹಂಗು ತೊರೆದು ಓಡಿದವಳೂ ಅವಳೇ. ಅವಳನ್ನು ಸೆರೆಯಿಟ್ಟರೆಂದು ಹೇಳುವ ಲೈಫೆಂಗ್ ಗೋಪುರವು 1924ರಲ್ಲಿ ಕುಸಿದುಬಿತ್ತು. 2002ರಲ್ಲಿ ಅದನ್ನು ಮತ್ತೆ ಕಟ್ಟಿದರು. ಅದೇ ದೇಶದ ಪೂ ಸುಂಗ್‌ಲಿಂಗ್ (1640-1715) ಬರೆದ ‘ಬಣ್ಣದ ಚರ್ಮ’ ಇದಕ್ಕೆ ವಿರುದ್ಧ: ಮನೆಗೆ ಕರೆತಂದ ಚೆಲುವೆಯ ಕೋಣೆಯನ್ನು ಕಿಟಕಿಯಿಂದ ಇಣುಕಿದಾಗ, ಪಿಶಾಚಿಯೊಂದು ಮನುಷ್ಯಚರ್ಮವನ್ನು ಹಾಸಿ ಕುಂಚದಿಂದ ಬಣ್ಣ ಹಚ್ಚುತ್ತಿರುತ್ತದೆ. ಹೆದರಿಸುವುದರಲ್ಲಿ ಅದಕ್ಕೆ ಸಮಾನವಿಲ್ಲ.

ಮನೆಯಲ್ಲಿರುವ ಹೆಂಡತಿಯ ಮೈಯಲ್ಲಿ ಗುರುತು ಹುಡುಕುವ ಈ ಚಟವನ್ನು ಒರೆಗೆ ಹಚ್ಚಿದವರು ಮಲೆಯಾಳದ ಮಲಯಾಟ್ಟೂರ್ ರಾಮಕೃಷ್ಣನ್. ಅವರ ‘ಯಕ್ಷಿ’ ಕಾದಂಬರಿ 1967ರಲ್ಲಿ ಬಂತು, ಮರುವರ್ಷ ಕೆ. ಎಸ್. ಸೇತುಮಾಧವನ್ ಅದನ್ನು ಚಲನಚಿತ್ರವಾಗಿಸಿದರು. ಪ್ರಯೋಗಶಾಲೆಯ ಅಪಘಾತದಲ್ಲಿ ಮುಖ ಸುಟ್ಟುಕೊಂಡ ಅಧ್ಯಾಪಕ ಶ್ರೀನಿವಾಸನನ್ನು ರಾಗಿಣಿ ಎಂಬ ಸುಂದರಿ ಪ್ರೀತಿಸಿ ಮದುವೆಯಾಗುತ್ತಾಳೆ. ತನ್ನಂಥ ವಿರೂಪಿಯನ್ನು ಇಂಥವಳು ಹೇಗೆ ಮೆಚ್ಚಿದಳು? ಯಕ್ಷಿಯೇ ಇರಬೇಕು! ಗ್ರಂಥಗಳಲ್ಲಿ ಓದಿದ ಲಕ್ಷಣಗಳನ್ನು ಅವನು ಅವಳಲ್ಲಿ ಒಂದೊಂದಾಗಿ ಹುಡುಕುತ್ತಾನೆ. ಹುಡುಕುವವನಿಗೆ ಅವು ಸಿಗುತ್ತಲೇ ಹೋಗುತ್ತವೆ. ಸಂಶಯವು ದಾಂಪತ್ಯವನ್ನು ನುಂಗುತ್ತದೆ. ಗುರುತು ಇದ್ದದ್ದು ಅವಳ ಮೈಯಲ್ಲಿಯೋ ಅವ‌ನ ಕನ್ನಡಿಯಲ್ಲಿಯೋ?

ಇದು ಕಥೆಯೆಂದು ಪುಸ್ತಕ ಮುಚ್ಚಿಡುವಂತಿಲ್ಲ. ಐರ್ಲೆಂಡಿನ ಟಿಪ್ಪರರಿ ಸೀಮೆಯ ಹಳ್ಳಿಯೊಂದರಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಗೃಹಿಣಿಯಿದ್ದಳು. ಸ್ವಂತ ಹೊಲಿಗೆಯಂತ್ರ ಇಟ್ಟುಕೊಂಡು, ಕೋಳಿ ಸಾಕಿ, ತನ್ನ ಸಂಪಾದನೆಯಿಂದ ತಲೆಯೆತ್ತಿ ನಡೆಯುತ್ತಿದ್ದವಳು. 1895ರ ಮಾರ್ಚ್ ತಿಂಗಳಲ್ಲಿ ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಅವಳನ್ನು ಯಕ್ಷಜನರು ಕದ್ದೊಯ್ದು ಈ ಬದಲಿಯನ್ನು ಬಿಟ್ಟುಹೋಗಿದ್ದಾರೆಂದು ಗಂಡ ಮೈಕೇಲನು ನಂಬಿದನು. ಅವನು ಕಂಡ ಗುರುತು: ಇವಳು ತನ್ನ ಹೆಂಡತಿಗಿಂತ ಎರಡು ಅಂಗುಲ ಎತ್ತರ! ಮೂಲಿಕೆಗಳನ್ನು ಬಲವಂತವಾಗಿ ಕುಡಿಸಿದರು. ದೇವರ ಹೆಸರಿನಲ್ಲಿ ನೀನು ಬ್ರಿಜೆಟ್ ಹೌದೇ ಎಂದು ಮತ್ತೆ ಮತ್ತೆ ಕೇಳಿದರು. ಹೌದೆಂದರೂ ಸಾಲಲಿಲ್ಲ. ತಂದೆಯೂ ಬಂಧುಗಳೂ ಇದ್ದ ಮನೆಯಲ್ಲಿಯೇ ಗಂಡನು ಅವಳನ್ನು ಸುಟ್ಟನು. ಅನಂತರವೂ ನಿಜವಾದ ಹೆಂಡತಿ ಬಿಳಿಯ ಕುದುರೆಯೇರಿ ಬರುವಳೆಂದು ಕಾಯುತ್ತಿದ್ದನು. ನ್ಯಾಯಾಲಯವು 20 ವರ್ಷಗಳ ಶಿಕ್ಷೆ ವಿಧಿಸಿತು, 1910ರಲ್ಲಿ ಬಿಡುಗಡೆಯಾದನು. ದಮಯಂತಿಯ ಎದುರಿಗೆ ನಿಂತಿದ್ದವರು, ಕೇಳಿದೊಡನೆ ಗುರುತು ತೋರಿಸಬಲ್ಲ ದೇವತೆಗಳು. ಜ್ವರದಿಂದ ಮಲಗಿದ ಹೆಣ್ಣು ತಾನು ತಾನೇ ಎಂಬುದಕ್ಕೆ ಯಾವ ಗುರುತನ್ನು ತೋರಿಸಬೇಕು? ನಮ್ಮ ದೇಶದಲ್ಲಿಯೂ ಹೆಣ್ಣನ್ನು ‘ಡಾಯನ್’ ಎಂದು ಗುರುತಿಸುವುದನ್ನೇ ಅಪರಾಧವೆಂದು ಸಾರುವ ಕಾಯಿದೆಯೊಂದನ್ನು ಬಿಹಾರವು 1999ರಲ್ಲಿ ಮಾಡಬೇಕಾಗಿ ಬಂತು.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು (1988) ಇದರ ಪಕ್ಕದಲ್ಲಿಟ್ಟು ಓದಬೇಕು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕವಿದು, 1997ರಲ್ಲಿ ಟಿ. ಎಸ್. ನಾಗಾಭರಣ ಅವರು ಚಲನಚಿತ್ರವಾಗಿಯೂ ತಂದರು. ಗಂಡ ಅಪ್ಪಣ್ಣ ಮಧ್ಯಾಹ್ನ ಬಂದು ಉಂಡು, ರಾಣಿಯನ್ನು ಒಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ರಾತ್ರಿ ನಾಗವು ಅಪ್ಪಣ್ಣನ ರೂಪದಲ್ಲಿ ಬರುತ್ತದೆ; ತವರಿನ ಸುದ್ದಿ ಕೇಳುತ್ತದೆ, ಸಮಾಧಾನ ಹೇಳುತ್ತದೆ. ವೇಷ ಸರಿಯಾಗಿದೆ, ಸಿಕ್ಕಿಬೀಳಿಸುವುದು ಮೃದುತ್ವ. ಹಗಲಿನ ಮನುಷ್ಯನಿಗೆ ಇಲ್ಲದ ಮನುಷ್ಯತ್ವ ಹಾವಿಗೆ ಇದ್ದುದೇ ಅದರ ತಪ್ಪು. ಗಂಡನು ಒಳ್ಳೆಯ ಮಾತಾಡಿದನಲ್ಲಾ, ಹಾಗಾದರೆ ಇವನು ಯಾರು ಎಂದು ಅನುಮಾನಿಸಬೇಕಾದ ಸ್ಥಿತಿ ಎಷ್ಟು ಮನೆಗಳಲ್ಲಿದೆಯೋ! ರಾಣಿ ಕಂಡೂ ಕಾಣದವಳಂತಿದ್ದಳು. ಮೋಸಹೋದಳೆನ್ನಲು ಮನಸ್ಸು ಬಾರದು.

ಜಪಾನಿನಲ್ಲಿ ಕ್ಯೋಕಾಯ್ ಎಂಬ ಭಿಕ್ಷು ಒಂಬತ್ತನೆಯ ಶತಮಾನದ ಆದಿಯಲ್ಲಿ ಸಂಗ್ರಹಿಸಿದ ‘ನಿಹೋನ್ ರ‍್ಯೋಯಿಕಿ’ಯಲ್ಲಿ ಇನ್ನೊಬ್ಬ ಗಂಡನಿದ್ದಾನೆ. ಮಿನೊ ಪ್ರಾಂತದವನು. ಬಯಲಿನಲ್ಲಿ ಸಿಕ್ಕಿದ ಹೆಣ್ಣನ್ನು ಮದುವೆಯಾದನು, ಗಂಡುಮಗು ಹುಟ್ಟಿತು. ಮನೆಯ ನಾಯಿ ಹಾಕಿದ ಮರಿಯೊಂದು ಇವಳನ್ನು ಕಂಡಾಗಲೆಲ್ಲ ಹಲ್ಲುಕಿರಿದು ಬೊಗಳುತ್ತಿತ್ತು. ಅದನ್ನು ಕೊಂದುಬಿಡಿರೆಂದು ಬೇಡಿದಳು. ಮರಿಯ ಮೇಲಿನ ಕರುಣೆಯಿಂದ ಅವನು ಕೊಲ್ಲಲಿಲ್ಲ. ಒಂದು ದಿನ ಅಕ್ಕಿ ಕುಟ್ಟುವ ಹೆಂಗಸರಿಗೆ ತಿಂಡಿ ಕೊಡಲೆಂದು ಕೊಟ್ಟಿಗೆಗೆ ಹೋದಾಗ ಮರಿ ಮೈಮೇಲೆ ಹಾರಿತು. ಹೆದರಿದ ಅವಳು ನರಿಯಾಗಿ ಬೇಲಿಯ ಮೇಲೆ ಏರಿ ಕುಳಿತಳು. ಗಂಡನು ಕೆಳಗೆ ನಿಂತು ನೋಡಿದನು. ನಮ್ಮಿಬ್ಬರಿಗೆ ಮಗುವಾಗಿದೆ, ನಾನು ನಿನ್ನನ್ನು ಮರೆಯಲಾರೆ, ಬಂದು ಮಲಗು ಎಂದನು. ಅವನ ಮಾತಿನಂತೆ ಅವಳು ಬರುತ್ತಿದ್ದಳು. ನರಿಗೆ ಆ ಭಾಷೆಯಲ್ಲಿ ‘ಕಿತ್ಸುನೆ’ ಎಂಬ ಹೆಸರಾದದ್ದು ‘ಬಂದು ಮಲಗು’ ಎಂಬ ಈ ಮಾತಿನಿಂದಲೇ ಎಂದು ಭಿಕ್ಷುವು ಬರೆದಿಟ್ಟಿದ್ದಾನೆ. ಮಗುವಿಗೂ ಅದೇ ಹೆಸರನ್ನು ಇಟ್ಟರು.